ಶಾಲಾಬಾಲಿಕೆಯರ ಉಪಗ್ರಹ: ವಿದ್ಯಾರ್ಥಿ ಸಾಧನೆಯ ಒಂದು ಪಾಠ

(ಮಠದ ಚೆನ್ನೈ ಶಾಖೆಯ ವಾರ್ಷಿಕ ವಿದ್ಯಾರ್ಥಿ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಪಠ್ಯ)

॥ ಶ್ರೀ ಗುರುಭ್ಯೋ ನಮಃ ॥ ಹರಿಃ ಓಂ ॥

 

ಪರೀಕ್ಷೆಗಳ ಫಲಿತಾಂಶ ಪ್ರಕಟವಾದ ಬಳಿಕ ಸಮಾಜದ ಮಕ್ಕಳನ್ನು ಮಠಕ್ಕೆ ಬರಮಾಡಿಕೊಂಡು, ಫಲಮಂತ್ರಾಕ್ಷತೆಯೊಂದಿಗೆ ಪ್ರಶಸ್ತಿಪತ್ರವನ್ನು ನೀಡಿ ಹರಸುವ ಸಂಪ್ರದಾಯ ಬಹಳ ಸ್ತುತ್ಯವಾದುದು. ಊರು ಬಿಟ್ಟು ಬಂದು ಪರಭಾಷೆಯ ನಗರದಲ್ಲಿ ನೆಲೆಸಿದ ಕುಟುಂಬಗಳಿಗೆ ಇಂತಹ ದಿನ ಒಂದು ಮನೆಯ ಹಬ್ಬವೇ ಸರಿ. ಹತ್ತನೆಯ ತರಗತಿಯಲ್ಲಿ ಇಷ್ಟು, ಹನ್ನೆರಡನೆಯ ತರಗತಿಯಲ್ಲಿ ಇಷ್ಟು ಎಂದು ಅಂಕಗಳನ್ನು ಓದಿ ಹೇಳುವಾಗ ತಂದೆತಾಯಿಯರ ಮುಖದಲ್ಲಿ ಮೂಡುವ ಸಂತೋಷ ಸಹಜವಾದುದು. ಆ ಅಂಕಗಳ ಹಿಂದೆ ಮಕ್ಕಳ ನಿದ್ದೆಗೆಟ್ಟ ರಾತ್ರಿಗಳಿವೆ, ತಾಯಂದಿರ ಹರಕೆಗಳಿವೆ.

ಆದರೆ ಇಂತಹ ಸಮಾರಂಭದ ದಿನ ಮಠಕ್ಕೆ ಬಾರದೆ ಮನೆಯಲ್ಲಿಯೇ ಉಳಿಯುವ ಮಕ್ಕಳೂ ಇರುತ್ತಾರೆ. ಅವರ ಅಂಕ ನಿಗದಿತ ಗೆರೆಗಿಂತ ಕೆಳಗೆ ನಿಂತಿರುತ್ತದೆ. ಅಣ್ಣನೋ ಅಕ್ಕನೋ ಹಿಂದೊಮ್ಮೆ ಇದೇ ವೇದಿಕೆ ಹತ್ತಿದ್ದರಂತೂ ಆ ಮಗುವಿನ ಸಂಕೋಚ ಇಮ್ಮಡಿಯಾಗುತ್ತದೆ. ವಿದ್ಯಾರ್ಥಿಯ ಸಾಧನೆಯೆಂದರೆ ಏನು, ಅದನ್ನು ಎಣಿಸುವುದು ಹೇಗೆ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಈ ಪ್ರಶ್ನೆಗೆ ಉತ್ತರವಾಗಬಲ್ಲ ಒಂದು ನೈಜ ಘಟನೆಯನ್ನು ಇಂದು ಸಭೆಯ ಮುಂದಿಡುವುದು ಉಚಿತವೆನಿಸುತ್ತದೆ. ಅದು ನಡೆದದ್ದು ಚೆನ್ನೈಗೆ ಬಹು ಸಮೀಪದಲ್ಲಿ. ಅದನ್ನು ನಡೆಸಿದವರು ಪ್ರೌಢಶಾಲೆಯ ಬಾಲಕಿಯರು.

ಸ್ವಾತಂತ್ರ್ಯದ 75ನೆಯ ವರ್ಷದ ಆಚರಣೆಯ ಅಂಗವಾಗಿ ದೇಶದ 75 ಸರ್ಕಾರಿ ಶಾಲೆಗಳ 750 ವಿದ್ಯಾರ್ಥಿನಿಯರು ಸೇರಿ ಒಂದು ಉಪಗ್ರಹವನ್ನು ಸಿದ್ಧಪಡಿಸಿದರು. ಅದರ ಹೆಸರು ಆಜಾದಿಸ್ಯಾಟ್. ಚೆನ್ನೈನ ಸ್ಪೇಸ್ ಕಿಡ್ಸ್ ಇಂಡಿಯಾ ಎಂಬ ಸಂಸ್ಥೆ ಇವರಿಗೆ ಮಾರ್ಗದರ್ಶನ ನೀಡಿತು. ಶಾಲೆಗೆ ಹತ್ತು ಬಾಲಕಿಯರಂತೆ ಲೆಕ್ಕ. ಹೆಚ್ಚಿನವರು ಗ್ರಾಮೀಣ ಭಾಗದವರು. ತಮಿಳುನಾಡಿನ ಮದುರೈ ಜಿಲ್ಲೆಯ ತಿರುಮಂಗಲಂ ಎಂಬ ಊರಿನ ಸರ್ಕಾರಿ ಬಾಲಕಿಯರ ಶಾಲೆಯೂ ಈ 75ರಲ್ಲಿ ಒಂದಾಗಿತ್ತು. ಉಪಗ್ರಹವೆಂದರೆ ದೊಡ್ಡ ವಿಜ್ಞಾನಿಗಳ, ದೊಡ್ಡ ಪ್ರಯೋಗಶಾಲೆಗಳ ಮಾತು ಎಂದು ತಿಳಿದಿದ್ದ ಊರುಗಳಲ್ಲಿ ಸಮವಸ್ತ್ರ ತೊಟ್ಟ ಹೆಣ್ಣುಮಕ್ಕಳು ಉಪಗ್ರಹದ ಭಾಗವೊಂದನ್ನು ಜೋಡಿಸಲು ಕುಳಿತರು.

ಆ ಉಪಗ್ರಹದ ಒಟ್ಟು ತೂಕ ಸುಮಾರು 8 ಕಿಲೋಗ್ರಾಂ. ಅದರೊಳಗೆ 75 ಪುಟ್ಟ ಉಪಕರಣಗಳಿದ್ದವು. ಒಂದೊಂದರ ತೂಕ ಸುಮಾರು 50 ಗ್ರಾಂ, ಅಂದರೆ ಒಂದು ನಿಂಬೆಹಣ್ಣಿನಷ್ಟು. ಎಪ್ಪತ್ತೈದನ್ನು ಐವತ್ತರಿಂದ ಗುಣಿಸಿದರೆ 3,750 ಗ್ರಾಂ ಆಗುತ್ತದೆ. ಉಪಗ್ರಹದ ಅರ್ಧಕ್ಕೆ ಸಮೀಪದ ತೂಕ ಶಾಲಾಮಕ್ಕಳ ಕೈಕೆಲಸವೇ ಆಗಿತ್ತೆಂದು ಹೇಳಬಹುದು. ಇದಲ್ಲದೆ ಬಾಹ್ಯಾಕಾಶದ ವಿಕಿರಣವನ್ನು ಅಳೆಯುವ ಸಾಧನ, ಚಿತ್ರ ತೆಗೆಯುವ ಕ್ಯಾಮರಾ, ಹವ್ಯಾಸಿ ರೇಡಿಯೋ ಬಳಕೆದಾರರ ತರಂಗಗಳಲ್ಲಿ ಸಂದೇಶವನ್ನು ಸ್ವೀಕರಿಸಿ ಮರಳಿ ಕಳುಹಿಸುವ ಯಂತ್ರ ಇವೂ ಅದರಲ್ಲಿ ಅಡಕವಾಗಿದ್ದವು.

ಐವತ್ತು ಗ್ರಾಂ ತೂಕದ ಮಿತಿಯೊಳಗೆ ಒಂದು ಉಪಕರಣವನ್ನು ಸಿದ್ಧಪಡಿಸುವುದು ಸುಲಭದ ಮಾತಲ್ಲ. ಬೆಸುಗೆ ಸಡಿಲವಾಗಬಾರದು, ತಂತಿ ತಪ್ಪು ಕಡೆಗೆ ಸೇರಬಾರದು, ಗಣಕಕ್ಕೆ ಬರೆದ ಆದೇಶದಲ್ಲಿ ಒಂದು ಚಿಹ್ನೆಯೂ ತಪ್ಪಬಾರದು. ರಾಕೆಟ್ ಹಾರಿದ ಮೇಲೆ ಅದನ್ನು ಬಿಚ್ಚಿ ಸರಿಪಡಿಸಲು ಯಾರೂ ಹೋಗಲಾರರು. ಬಾಯಿಪಾಠದಿಂದ ಇಂತಹ ಕೆಲಸ ನಡೆಯದು. ಮಾಡಿ, ಕೆಡಿಸಿ, ಮತ್ತೆ ಮಾಡಿ ಕಲಿಯಬೇಕು. ಪುಸ್ತಕದ ವಿದ್ಯೆ ಕೈಯ ವಿದ್ಯೆಯಾಗುವುದು ಹೀಗೆಯೇ.

2022ನೆಯ ಇಸವಿ ಆಗಸ್ಟ್ 7, ಭಾನುವಾರ. ಪುಲಿಕಾಟ್ ಸರೋವರದ ಆಚೆಗಿರುವ ಶ್ರೀಹರಿಕೋಟಾದಲ್ಲಿ ಬೆಳಿಗ್ಗೆ 9 ಗಂಟೆ 18 ನಿಮಿಷಕ್ಕೆ ಇಸ್ರೋ ಸಂಸ್ಥೆಯ ಹೊಸ ರಾಕೆಟ್ ಎಸ್.ಎಸ್.ಎಲ್.ವಿ. ತನ್ನ ಮೊದಲ ಹಾರಾಟವನ್ನು ಆರಂಭಿಸಿತು. ಸಣ್ಣ ಉಪಗ್ರಹಗಳನ್ನು ಕಡಿಮೆ ಸಮಯದಲ್ಲಿ, ಕಡಿಮೆ ವೆಚ್ಚದಲ್ಲಿ ಕಕ್ಷೆಗೆ ಸೇರಿಸಲೆಂದು ನಿರ್ಮಿಸಿದ ವಾಹನವಿದು. ಎತ್ತರ 34 ಮೀಟರ್, ಹಾರುವಾಗಿನ ತೂಕ ಸುಮಾರು 120 ಟನ್. ಇಸ್ರೋದ ಇ.ಓ.ಎಸ್.-02 ಉಪಗ್ರಹದ ಜೊತೆಯಲ್ಲಿ ಬಾಲಕಿಯರ ಆಜಾದಿಸ್ಯಾಟ್ ಅದರಲ್ಲಿ ಪ್ರಯಾಣ ಮಾಡುತ್ತಿತ್ತು. ಘನ ಇಂಧನದ ಮೂರು ಹಂತಗಳೂ ಕ್ರಮವಾಗಿ ಉರಿದವು, ಉಪಗ್ರಹಗಳು ಬೇರ್ಪಟ್ಟವು. ಆದರೆ ಸ್ವಲ್ಪ ಹೊತ್ತಿನಲ್ಲಿಯೇ ನಿಯಂತ್ರಣ ಕೊಠಡಿಯಲ್ಲಿ ಮೌನ ಕವಿಯಿತು.

ಉಪಗ್ರಹಗಳು ಭೂಮಿಯಿಂದ 356 ಕಿಲೋಮೀಟರ್ ಎತ್ತರದ ವೃತ್ತಾಕಾರದ ಕಕ್ಷೆಯನ್ನು ಸೇರಬೇಕಾಗಿತ್ತು. ಆದರೆ ಅವು ಸೇರಿದ್ದು ಒಂದು ತುದಿಯಲ್ಲಿ 356 ಕಿಲೋಮೀಟರ್, ಇನ್ನೊಂದು ತುದಿಯಲ್ಲಿ ಕೇವಲ 76 ಕಿಲೋಮೀಟರ್ ಎತ್ತರವಿರುವ ದೀರ್ಘವೃತ್ತವನ್ನು. 76 ಕಿಲೋಮೀಟರ್ ಎತ್ತರದಲ್ಲಿ ಗಾಳಿ ಇನ್ನೂ ಉಪಗ್ರಹವನ್ನು ಎಳೆದು ಕೆಡಹುವಷ್ಟು ಸಾಂದ್ರವಾಗಿರುತ್ತದೆ. ಅಲ್ಲಿಗೆ ಇಳಿದ ಉಪಗ್ರಹ ಮತ್ತೆ ಮೇಲೇರಲಾರದು. ಸೆಕೆಂಡಿಗೆ ಸುಮಾರು 7.7 ಕಿಲೋಮೀಟರ್ ವೇಗ ಬೇಕಿದ್ದ ಕಡೆ ನೂರರಲ್ಲಿ ಒಂದು ಪಾಲಿನಷ್ಟು ಕೊರತೆಯಾದರೂ ಇಷ್ಟು ವ್ಯತ್ಯಾಸವಾಗುತ್ತದೆ. ಎರಡೂ ಉಪಗ್ರಹಗಳು ಉಪಯೋಗಕ್ಕೆ ಬಾರದೆ ಹೋದವೆಂದು ಇಸ್ರೋ ಅದೇ ದಿನ ಪ್ರಕಟಿಸಿತು. ಎಪ್ಪತ್ತೈದು ಶಾಲೆಗಳ ಬಾಲಕಿಯರ ಶ್ರಮ ಒಂದು ಬೆಳಗಿನಲ್ಲಿ ಬೂದಿಯಾಯಿತು.

ತಪ್ಪು ನಡೆದದ್ದು ಎಲ್ಲಿ? ವಿಚಾರಣೆಯಿಂದ ತಿಳಿದುಬಂದ ಸಂಗತಿ ಬಹಳ ಬೋಧಪ್ರದವಾಗಿದೆ. ಎರಡನೆಯ ಹಂತವು ರಾಕೆಟ್‌ನಿಂದ ಕಳಚಿಕೊಳ್ಳುವಾಗ ನಿರೀಕ್ಷೆಗಿಂತ ಹೆಚ್ಚಿನ ಕಂಪನ ಉಂಟಾಯಿತು. ಅದು ಇದ್ದದ್ದು ಅತ್ಯಲ್ಪ ಕಾಲ. ರಾಕೆಟ್‌ನ ವೇಗ ಎಷ್ಟು ಏರುತ್ತಿದೆಯೆಂದು ಅಳೆಯಲು ಆರು ಮಾಪಕಗಳಿದ್ದವು. ಆ ಕಂಪನದ ರಭಸ ಅವುಗಳ ಅಳತೆಯ ಮಿತಿಯನ್ನು ಮೀರಿತು. ಇದನ್ನು ಕಂಡ ರಾಕೆಟ್‌ನ ಗಣಕವು ಆರೂ ಮಾಪಕಗಳು ಕೆಟ್ಟಿವೆಯೆಂದು ತೀರ್ಮಾನಿಸಿ ಅವುಗಳ ಮಾತನ್ನು ಕೇಳುವುದನ್ನೇ ನಿಲ್ಲಿಸಿತು. ಆನಂತರ ರಾಕೆಟ್ ಆಪತ್ಕಾಲಕ್ಕೆಂದು ಮೊದಲೇ ಬರೆದಿಟ್ಟ ಕ್ರಮದಂತೆ, ತನ್ನ ನಿಜವಾದ ವೇಗವನ್ನು ಅರಿಯದೆ ಮುಂದುವರಿಯಿತು. ವೇಗದ ಕೊರತೆಯನ್ನು ಕೊನೆಯಲ್ಲಿ ತುಂಬಬೇಕಿದ್ದ ಪುಟ್ಟ ದ್ರವ ಇಂಧನದ ಯಂತ್ರವೂ ಕೆಲಸಕ್ಕೆ ಬರಲಿಲ್ಲ.

ರೈಲ್ವೆಯ ಸಿಗ್ನಲ್ ವ್ಯವಸ್ಥೆಯನ್ನು ಬಲ್ಲವರಿಗೆ ಇದರ ಸೂಕ್ಷ್ಮ ಬೇಗನೆ ಅರ್ಥವಾಗುತ್ತದೆ. ಹಳಿಯಲ್ಲಿ ಹರಿಯುವ ವಿದ್ಯುತ್ತು ಯಾವ ಕಾರಣದಿಂದಲೇ ನಿಂತರೂ, ಹಳಿ ಮುರಿದರೂ, ತಂತಿ ಕಡಿದರೂ, ಸಿಗ್ನಲ್ ತಾನಾಗಿಯೇ ಕೆಂಪಾಗುತ್ತದೆ. ಸಂದೇಹ ಬಂದಾಗ ಗಾಡಿಯನ್ನು ನಿಲ್ಲಿಸುವುದೇ ಅಲ್ಲಿ ಕ್ಷೇಮ. ನಿಂತ ಗಾಡಿಯಿಂದ ಕೆಲವು ನಿಮಿಷಗಳ ವಿಳಂಬವಾದೀತೇ ಹೊರತು ಪ್ರಾಣಹಾನಿಯಿಲ್ಲ. ಆದರೆ ಆಕಾಶಕ್ಕೆ ಏರಿದ ರಾಕೆಟ್‌ಗೆ ಕೆಂಪು ದೀಪವೆಂಬುದಿಲ್ಲ. ಅದನ್ನು ನಿಲ್ಲಿಸಿ ಪರಿಶೀಲಿಸುವಂತಿಲ್ಲ. ಆದುದರಿಂದ ಅಲ್ಲಿ ಅವಸರದ ತೀರ್ಪು ನೀಡುವುದೇ ದೊಡ್ಡ ಅಪಾಯ.

ಶ್ರೀಮದಾಚಾರ್ಯರ ಸಿದ್ಧಾಂತವನ್ನು ಕೇಳಿ ಬೆಳೆದವರಿಗೆ ಈ ಮಾತು ಹೊಸದಲ್ಲ. ತತ್ತ್ವವಾದದಲ್ಲಿ ಜಗತ್ತು ಸತ್ಯವಾದುದು. ಅದನ್ನು ತಿಳಿಯಲು ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರು ಪ್ರಮಾಣಗಳಿವೆ. ಇಂದ್ರಿಯದಿಂದ ತಿಳಿದದ್ದೆಲ್ಲ ಪ್ರತ್ಯಕ್ಷ ಪ್ರಮಾಣವಾಗುವುದಿಲ್ಲ. ಇಂದ್ರಿಯವೂ ದೋಷರಹಿತವಾಗಿರಬೇಕು, ತಿಳಿಯಬೇಕಾದ ವಸ್ತುವೂ ದೋಷರಹಿತವಾಗಿರಬೇಕು ಎಂದು ಶ್ರೀ ಜಯತೀರ್ಥರು ಪ್ರಮಾಣಪದ್ಧತಿಯಲ್ಲಿ ವಿವರಿಸುತ್ತಾರೆ. ವಸ್ತು ಬಹಳ ದೂರವಿದ್ದರೂ ಕಾಣದು, ಬಹಳ ಸಮೀಪವಿದ್ದರೂ ಕಾಣದು; ಕಣ್ಣಿಗೆ ರೋಗವಿದ್ದರೆ ಬಿಳಿಯ ಶಂಖವೂ ಹಳದಿಯಾಗಿ ತೋರುತ್ತದೆ. ಸಂದೇಹ ಬಂದ ಕಡೆ ಪರೀಕ್ಷೆ ಮಾಡಿ, ಬೇರೆ ಜ್ಞಾನದೊಡನೆ ಹೊಂದಿಸಿ ನೋಡಿ, ಆನಂತರ ಸಾಕ್ಷಿಯು ನಿಶ್ಚಯಕ್ಕೆ ಬರುತ್ತದೆ. ರಾಕೆಟ್‌ನ ಮಾಪಕಗಳು ಅದರ ಇಂದ್ರಿಯಗಳಿದ್ದಂತೆ. ಕ್ಷಣಮಾತ್ರದ ಕಂಪನಕ್ಕೆ ಅವು ತತ್ತರಿಸಿದವು. ಗಣಕವು ಪರೀಕ್ಷಿಸಲು ಸಮಯ ಕೊಡದೆ ಅವು ಶಾಶ್ವತವಾಗಿ ಕೆಟ್ಟವೆಂದು ನಿಶ್ಚಯಿಸಿತು. ಯಂತ್ರಕ್ಕೆ ಸಾಕ್ಷಿಯಿಲ್ಲ, ಯಂತ್ರಕ್ಕೆ ವಿವೇಕವನ್ನು ಬರೆದುಕೊಡಬೇಕಾದವನು ಮನುಷ್ಯನೇ.

ಇಸ್ರೋದ ತಂತ್ರಜ್ಞರು ಆ ಕೆಲಸವನ್ನೇ ಮಾಡಿದರು. ಎರಡನೆಯ ಹಂತವನ್ನು ಬೇರ್ಪಡಿಸುವ ವ್ಯವಸ್ಥೆಯನ್ನು ಕಂಪನ ಕಡಿಮೆಯಾಗುವಂತೆ ಬದಲಿಸಿದರು. ಮಾಪಕವೊಂದು ಕೆಟ್ಟಿದೆಯೆಂದು ತೀರ್ಮಾನಿಸುವ ಮೊದಲು ಗಣಕವು ಇನ್ನಷ್ಟು ಹೊತ್ತು ಕಾಯುವಂತೆ ಮಾಡಿದರು. ಮಾಪಕಗಳೆಲ್ಲ ಕೈಕೊಟ್ಟರೂ ಭಾರತದ್ದೇ ಆದ ನಾವಿಕ್ ಉಪಗ್ರಹಗಳ ಸೂಚನೆಯನ್ನು ಹಿಡಿದು ದಾರಿ ಕಂಡುಕೊಳ್ಳುವಂತೆ ಏರ್ಪಾಡು ಮಾಡಿದರು. ಒಂದು ಪ್ರಮಾಣಕ್ಕೆ ಇನ್ನೊಂದರ ಬೆಂಬಲ ದೊರೆಯಿತು.

ಇತ್ತ ವಿದ್ಯಾರ್ಥಿನಿಯರು ಮಾಡಿದ್ದೇನು? ಇಂದಿನ ಸಮಾರಂಭಕ್ಕೆ ಮುಖ್ಯವಾದ ವಿಷಯ ಇದೇ. ಅವರ ಉಪಕರಣದಲ್ಲಿ ತಪ್ಪಿರಲಿಲ್ಲ; ಸೋಲು ಅವರದಾಗಿರಲಿಲ್ಲ. ಆದರೂ ನಷ್ಟ ಅವರದಾಯಿತು. ಜೀವನದಲ್ಲಿ ಎಷ್ಟೋ ಸಲ ಹೀಗೆಯೇ ಆಗುತ್ತದೆ. "ವಿಧಿಯಿಲ್ಲ, ಆದದ್ದಾಯಿತು" ಎಂದು ಅವರು ಅಲ್ಲಿಗೇ ಬಿಟ್ಟಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ದೇಶದ ನಾನಾ ಭಾಗಗಳ ಸುಮಾರು 750 ಬಾಲಕಿಯರ ಶ್ರಮದಿಂದ, ಅದೇ ಸಂಸ್ಥೆಯ ಮಾರ್ಗದರ್ಶನದಲ್ಲಿ, ಆಜಾದಿಸ್ಯಾಟ್-2 ಎಂಬ ಎರಡನೆಯ ಉಪಗ್ರಹ ಸಿದ್ಧವಾಯಿತು. ಈ ಬಾರಿ ಅದರ ತೂಕ 8.7 ಕಿಲೋಗ್ರಾಂ.

2023ರ ಫೆಬ್ರವರಿ 10, ಶುಕ್ರವಾರ. ಅದೇ ಶ್ರೀಹರಿಕೋಟಾ, ಅದೇ 9 ಗಂಟೆ 18 ನಿಮಿಷ. ಎಸ್.ಎಸ್.ಎಲ್.ವಿ.ಯ ಎರಡನೆಯ ಹಾರಾಟದಲ್ಲಿ 156.3 ಕಿಲೋಗ್ರಾಂ ತೂಕದ ಇ.ಓ.ಎಸ್.-07, ಅಮೆರಿಕದ ಸಂಸ್ಥೆಯೊಂದರ 10.2 ಕಿಲೋಗ್ರಾಂ ತೂಕದ ಜಾನಸ್-1, ಇವುಗಳ ಜೊತೆಗೆ ಬಾಲಕಿಯರ ಉಪಗ್ರಹವೂ 450 ಕಿಲೋಮೀಟರ್ ಎತ್ತರದ ವೃತ್ತಾಕಾರದ ಕಕ್ಷೆಯನ್ನು ಸುಮಾರು ಹದಿನೈದು ನಿಮಿಷಗಳಲ್ಲಿ ಸೇರಿತು. ಮೊದಲ ಸೋಲಿಗೂ ಈ ಗೆಲುವಿಗೂ ನಡುವಿನ ಅಂತರ 187 ದಿನಗಳು. ಶಾಲೆಯ ಲೆಕ್ಕದಲ್ಲಿ ಹೇಳುವುದಾದರೆ ಒಂದು ಅರ್ಧವಾರ್ಷಿಕ ಅವಧಿಗಿಂತ ಸ್ವಲ್ಪ ಹೆಚ್ಚು. ಅಷ್ಟರೊಳಗೆ ಆ ಮಕ್ಕಳು ಯಾವ ಪಠ್ಯಪುಸ್ತಕವೂ ಕಲಿಸಲಾರದ ಪಾಠವೊಂದನ್ನು ಕಲಿತಿದ್ದರು.

ಈ ಪಾಠಕ್ಕೆ ಉಡುಪಿಯ ಸೀಮೆಯಲ್ಲಿಯೇ ಒಂದು ಹಿರಿಯ ನಿದರ್ಶನವಿದೆ. ಅಷ್ಟಮಠಗಳಲ್ಲಿ ಒಂದಾದ ಅದಮಾರು ಮಠದ ಹೆಸರಿನ ಮೂಲವಾದ ಅದಮಾರು ಗ್ರಾಮದಲ್ಲಿ 1932ರಲ್ಲಿ ಜನಿಸಿದ ಉಡುಪಿ ರಾಮಚಂದ್ರ ರಾಯರು, ಅಂದರೆ ಪ್ರೊಫೆಸರ್ ಯು.ಆರ್. ರಾವ್ ಅವರು, ಪ್ರೌಢಶಾಲೆಯ ವಿದ್ಯಾಭ್ಯಾಸವನ್ನು ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಪಡೆದರು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಅವರ ನೇತೃತ್ವದಲ್ಲಿ ನಿರ್ಮಾಣವಾದ ಭಾರತದ ಮೊದಲ ಉಪಗ್ರಹ ಆರ್ಯಭಟವು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್‌ನ ಮೂಲಕ ಕಕ್ಷೆ ಸೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ರಾಯರು 1984ರಿಂದ 1994ರವರೆಗೆ ಇಸ್ರೋದ ಅಧ್ಯಕ್ಷರಾಗಿದ್ದರು. ಆ ಅವಧಿಯಲ್ಲಿ ಎ.ಎಸ್.ಎಲ್.ವಿ. ರಾಕೆಟ್‌ನ ಮೊದಲ ಹಾರಾಟ 1987ರ ಮಾರ್ಚ್ 24ರಂದು ವಿಫಲವಾಯಿತು. ಎರಡನೆಯದು 1988ರ ಜುಲೈ 13ರಂದು ವಿಫಲವಾಯಿತು. ಒಂದರ ಮೇಲೊಂದು ಎರಡು ಸೋಲುಗಳು. ತಂಡ ಧೃತಿಗೆಡದೆ ಕಾರಣಗಳನ್ನು ಹುಡುಕಿತು. 1992ರ ಮೇ 20ರಂದು ಮೂರನೆಯ ಹಾರಾಟದಲ್ಲಿ ಉಪಗ್ರಹ ಕಕ್ಷೆ ಸೇರಿತು. ಎರಡನೆಯ ಸೋಲಿನ ದಿನವೇ ಅಂಕಪಟ್ಟಿ ಬರೆದು ಮುಚ್ಚಿದ್ದರೆ ಭಾರತದ ಬಾಹ್ಯಾಕಾಶ ವಿಜ್ಞಾನದ ಕಥೆ ಬೇರೆಯಾಗುತ್ತಿತ್ತು.

ಶಾಸ್ತ್ರಾಧ್ಯಯನದ ಪರಂಪರೆಯೂ ಇದನ್ನೇ ಹೇಳುತ್ತದೆ. ಶ್ರೀ ವಿಶ್ವೇಶತೀರ್ಥ ಶ್ರೀಪಾದರು 1956ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಪೂರ್ಣಪ್ರಜ್ಞ ವಿದ್ಯಾಪೀಠದಂತಹ ಗುರುಕುಲಗಳಲ್ಲಿ ವಿದ್ಯಾರ್ಥಿಗಳು ಹತ್ತಾರು ವರ್ಷ ಓದಿ ಶ್ರೀಮನ್ನ್ಯಾಯಸುಧೆಯನ್ನು ಮುಟ್ಟುತ್ತಾರೆ. ಅಲ್ಲಿ ವಿದ್ಯಾರ್ಥಿಯನ್ನು ವಿದ್ವತ್ಸಭೆಯ ನಡುವೆ ನಿಲ್ಲಿಸಿ ಪ್ರಶ್ನಿಸುತ್ತಾರೆ. ಉತ್ತರ ತಪ್ಪಿದರೆ ಗುರುಗಳು ತಿದ್ದುತ್ತಾರೆ, ವಿದ್ಯಾರ್ಥಿ ಮತ್ತೆ ಹೇಳುತ್ತಾನೆ. ತಪ್ಪಿದ್ದು ಅವಮಾನವಲ್ಲ, ತಿದ್ದಿಕೊಳ್ಳದಿರುವುದೇ ಅವಮಾನ. ಪೂರ್ವಪಕ್ಷವನ್ನು ಪೂರ್ಣವಾಗಿ ಎದುರಿಸದ ಸಿದ್ಧಾಂತಕ್ಕೆ ಅಲ್ಲಿ ಬೆಲೆಯಿಲ್ಲ.

ಇಷ್ಟು ಹೇಳಿದ ಮೇಲೆ ಮನೆಗಳ ವಿಷಯಕ್ಕೆ ಬರಬೇಕು. ಹದಿನೈದು ವರ್ಷದ ಮಗುವಿನ ಒಂದು ಪರೀಕ್ಷೆಯ ಅಂಕವೆಂದರೆ ಮಾಪಕದ ಒಂದು ಕ್ಷಣದ ಓದು. ಆ ಕ್ಷಣದಲ್ಲಿ ಮಗುವಿಗೆ ಜ್ವರವಿದ್ದಿರಬಹುದು, ಮನೆಯಲ್ಲಿ ಸಾವುನೋವು ಆಗಿರಬಹುದು, ತಂದೆಗೆ ವರ್ಗವಾಗಿ ಭಾಷೆ ತಿಳಿಯದ ಶಾಲೆಯಲ್ಲಿ ಕುಳಿತಿರಬಹುದು, ಅಥವಾ ಆ ವಿಷಯ ಇನ್ನೂ ಬುದ್ಧಿಗೆ ಹತ್ತದೆ ಇರಬಹುದು. ಆ ಒಂದು ಓದನ್ನು ಹಿಡಿದು "ಇವನಿಂದ ಆಗದು, ಇವಳಿಗೆ ವಿದ್ಯೆ ಒಲಿಯದು" ಎಂದು ನಿಶ್ಚಯಿಸುವ ತಂದೆತಾಯಿಯರು 2022ರ ಆ ಗಣಕ ಮಾಡಿದ ತಪ್ಪನ್ನೇ ಮಾಡುತ್ತಾರೆ. ಒಳ್ಳೆಯ ಮಾಪಕದ ಮಾತನ್ನು ಕೇಳುವುದನ್ನೇ ನಿಲ್ಲಿಸಿದರೆ ಮಗು ಮುಂದೆ ಮೊದಲೇ ಬರೆದಿಟ್ಟ ದಾರಿಯಲ್ಲಿ ಕುರುಡಾಗಿ ಸಾಗುತ್ತದೆ. ಇಂಜಿನಿಯರಿಂಗ್ ಅಥವಾ ವೈದ್ಯಕೀಯ ಎಂಬ ಎರಡೇ ಹಳಿಗಳನ್ನು ಹಾಕಿಟ್ಟ ಮನೆಗಳಲ್ಲಿ ಇದು ಹೆಚ್ಚು. ಇನ್ನಷ್ಟು ಹೊತ್ತು ಕಾಯುವುದು, ಬೇರೆ ಪ್ರಮಾಣಗಳನ್ನೂ ನೋಡುವುದು, ಇದೇ ತಿದ್ದುಪಡಿ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು ಅವಶ್ಯ. ಮಗಳು ಅಡುಗೆಮನೆಯ ಮಿಕ್ಸರನ್ನು ಬಿಚ್ಚಿ ನೋಡಿದರೆ ಗದರಿಸುವ, ಮಗ ಬಿಚ್ಚಿದರೆ "ಇವನು ಇಂಜಿನಿಯರ್ ಆಗುತ್ತಾನೆ" ಎಂದು ಹಿಗ್ಗುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಸರ್ಕಾರಿ ಶಾಲೆಗಳ ಆ 750 ಬಾಲಕಿಯರಿಗೆ ಬೆಸುಗೆಯ ಸಲಾಕೆಯನ್ನು ಕೈಗೆ ಕೊಟ್ಟವರು ಇದ್ದರು. ಅವರು ಆಕಾಶದವರೆಗೆ ಹೋದರು. ಅನುಕೂಲಸ್ಥ ಕುಟುಂಬಗಳ ಹೆಣ್ಣುಮಕ್ಕಳಿಗೆ ಅದು ದೊರೆಯದಿದ್ದರೆ ಕೊರತೆ ಮಕ್ಕಳದಲ್ಲ.

ಮಕ್ಕಳಿಗೆ ಅವಕಾಶಗಳೂ ಕಡಿಮೆಯಿಲ್ಲ. ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳಿಗಾಗಿ ಇಸ್ರೋ 2019ರಲ್ಲಿ ಯುವಿಕಾ ಎಂಬ ತರಬೇತಿ ಶಿಬಿರವನ್ನು ಆರಂಭಿಸಿತು. ಅದರ ಆಯ್ಕೆಯಲ್ಲಿ ಪರೀಕ್ಷೆಯ ಅಂಕಗಳ ಜೊತೆಗೆ ವಿಜ್ಞಾನ ಮೇಳ, ರಸಪ್ರಶ್ನೆ, ಕ್ರೀಡೆ ಮುಂತಾದುವನ್ನೂ ಗಣಿಸಿ, ಗ್ರಾಮೀಣ ಶಾಲೆಗಳ ಮಕ್ಕಳಿಗೆ ವಿಶೇಷ ಮನ್ನಣೆ ಕೊಡಲಾಗುತ್ತದೆ. ಆರರಿಂದ ಹನ್ನೆರಡನೆಯ ತರಗತಿಯ ಮಕ್ಕಳು ಕೈಯಾರೆ ಯಂತ್ರಗಳನ್ನು ಮಾಡಿ ಕಲಿಯಲೆಂದು ಸಾವಿರಾರು ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಸ್ಥಾಪನೆಯಾಗಿವೆ. ಹವ್ಯಾಸಿ ರೇಡಿಯೋ ಪರವಾನಗಿಯ ಪರೀಕ್ಷೆಗೆ ಹನ್ನೆರಡು ವರ್ಷ ತುಂಬಿದ ಮಗುವೂ ಕುಳಿತುಕೊಳ್ಳಬಹುದು. ಶ್ರೀಹರಿಕೋಟಾದಲ್ಲಿ 2019ರಿಂದ ಸಾರ್ವಜನಿಕರು ಕುಳಿತು ರಾಕೆಟ್ ಉಡಾವಣೆಯನ್ನು ವೀಕ್ಷಿಸುವ ಸ್ಥಳವನ್ನು ನಿರ್ಮಿಸಿದ್ದಾರೆ. ಚೆನ್ನೈನಿಂದ ಗೂಡೂರು ಮಾರ್ಗದ ರೈಲಿನಲ್ಲಿ ಸೂಳ್ಳೂರುಪೇಟೆಯಲ್ಲಿ ಇಳಿದರೆ ಅಲ್ಲಿಂದ ರಸ್ತೆಯ ಮೂಲಕ ಹೋಗಬಹುದು. ತಿರುಪತಿ ಯಾತ್ರೆಗೆ ಮಕ್ಕಳನ್ನು ಕರೆದೊಯ್ಯುವ ಕುಟುಂಬಗಳು ಒಮ್ಮೆ ಈ ಯಾತ್ರೆಯನ್ನೂ ಮಾಡಿಸಬಹುದು.

ಶಾಖೆಯ ವ್ಯವಸ್ಥಾಪಕರಲ್ಲಿ ಒಂದು ವಿನಮ್ರ ಸೂಚನೆಯುಂಟು. ಅಂಕಗಳಿಗೆ ಕೊಡುವ ಪುರಸ್ಕಾರವನ್ನು ನಿಲ್ಲಿಸಬೇಕಾಗಿಲ್ಲ. ಅದರ ಜೊತೆಗೆ ಮುಂದಿನ ವರ್ಷದಿಂದ, ಒಮ್ಮೆ ಸೋತು ಮತ್ತೆ ಪ್ರಯತ್ನಿಸಿದ ವಿದ್ಯಾರ್ಥಿಗೆ ಒಂದು ಪುರಸ್ಕಾರವಿರಲಿ. ಪೂರಕ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗುವೂ ಅದಕ್ಕೆ ಅರ್ಹವಾಗಿರಲಿ. ಪ್ರಾಕಾರದ ಒಂದು ಬದಿಯಲ್ಲಿ ಮೇಜೊಂದನ್ನು ಹಾಕಿಸಿ, ಮಕ್ಕಳು ಕೈಯಾರೆ ಮಾಡಿದ ವಸ್ತುಗಳನ್ನು ಇಡಿಸಿ, ಅದನ್ನು ಮಾಡುವಾಗ ಎಲ್ಲಿ ತಪ್ಪಾಯಿತು, ಹೇಗೆ ಸರಿಪಡಿಸಲಾಯಿತು ಎಂಬುದನ್ನು ಅವರ ಬಾಯಿಂದಲೇ ಹೇಳಿಸಬಹುದು. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಹಿರಿಯರ ತಾಳ್ಮೆಯೊಂದು ಸಾಕು.

ಇಂದು ಪುರಸ್ಕಾರ ಪಡೆಯುತ್ತಿರುವ ವಿದ್ಯಾರ್ಥಿಗಳಿಗೂ ಒಂದು ಕೆಲಸವಿದೆ. ಮನೆಗೆ ಹೋದ ಮೇಲೆ, ಈ ದಿನ ಬಾರದೆ ಉಳಿದ ಸ್ನೇಹಿತನನ್ನೋ ಸ್ನೇಹಿತೆಯನ್ನೋ ಭೇಟಿ ಮಾಡಿ ಪ್ರಸಾದವನ್ನು ಕೊಟ್ಟು ಬನ್ನಿ. ಆ ಮಗುವಿಗೆ ಅರ್ಥವಾಗದೆ ಉಳಿದ ಪಾಠವೊಂದನ್ನು ಜೊತೆಯಲ್ಲಿ ಕುಳಿತು ಓದಿರಿ. ಬಾಲಕಿಯರು ಮಾಡಿದ 75 ಉಪಕರಣಗಳಲ್ಲಿ ಯಾವುದೂ ಒಂಟಿಯಾಗಿ ಆಕಾಶಕ್ಕೆ ಹೋಗಲಿಲ್ಲ. ಹೋದಾಗ ಎಲ್ಲವೂ ಒಟ್ಟಿಗೆ ಹೋದವು.

ಜ್ಞಾನದಾತನಾದ ಶ್ರೀ ಹಯಗ್ರೀವದೇವರು ಎಲ್ಲ ಮಕ್ಕಳಿಗೂ ನಿರ್ಮಲವಾದ ಬುದ್ಧಿಯನ್ನೂ, ಸೋಲನ್ನು ಎದುರಿಸುವ ಧೈರ್ಯವನ್ನೂ, ತಂದೆತಾಯಿಯರಿಗೆ ಕಾಯುವ ತಾಳ್ಮೆಯನ್ನೂ ಅನುಗ್ರಹಿಸಲಿ ಎಂದು ಹರಿವಾಯುಗುರುಗಳಲ್ಲಿ ಪ್ರಾರ್ಥಿಸುತ್ತಾ ಈ ಮಾತುಗಳನ್ನು ಮುಗಿಸಲಾಗುತ್ತಿದೆ.

॥ ಶ್ರೀ ಭಾರತೀರಮಣಮುಖ್ಯಪ್ರಾಣಾಂತರ್ಗತ ಶ್ರೀಕೃಷ್ಣಾರ್ಪಣಮಸ್ತು ॥